ಒನ್ಸ್ ಮೋರ್ ಎಂಬ ತೀರ್ಪು



ರಂಗಗೀತೆಗಳ ಸಂಜೆಗೆ ನೀವು ಒಂದಲ್ಲ ಒಂದು ಸಲ ಹೋಗಿಯೇ ಇರುತ್ತೀರಿ. ವೇದಿಕೆಯ ಮೇಲೆ ಒಂದು ಹಾರ್ಮೋನಿಯಂ, ಒಂದು ತಬಲಾ, ನಾಲ್ಕೈದು ಮೈಕು, ಹಿಂದೆ ಒಂದು ಬ್ಯಾನರು. ಕಂಪನಿ ನಾಟಕದ ಕಾಲದ ಕಂದಪದ್ಯಗಳಿಂದ ಹಿಡಿದು ಬಿ. ವಿ. ಕಾರಂತರ ಹಾಡುಗಳವರೆಗೆ ಒಂದರ ಹಿಂದೊಂದು ಬರುತ್ತವೆ. ಎರಡು ತಾಸಿನ ಮೇಲೆ ಹೊರಗೆ ಬಂದು ಚಹಾ ಕುಡಿಯುತ್ತ ನಾವೆಲ್ಲ ತೀರ್ಪು ಕೊಡುತ್ತೇವೆ. ಕಂಠ ಚೆನ್ನಾಗಿತ್ತು, ಎರಡನೆಯ ಹಾಡಿನಲ್ಲಿ ಶ್ರುತಿ ಬಿಟ್ಟರು, ಆ ಹುಡುಗನಿಗೆ ಭವಿಷ್ಯವಿದೆ, ಹೀಗೆ. ಅಲ್ಲಿಗೆ ಆ ಸಂಜೆ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೆ. ಇದು ಗಾಯನಕ್ಕೆ ಕೊಟ್ಟ ತೀರ್ಪೋ, ನಾಟಕದ ಹಾಡಿಗೆ ಕೊಟ್ಟ ತೀರ್ಪೋ? ಎರಡೂ ಒಂದೇ ಅಲ್ಲ. ನಮ್ಮ ಅಜ್ಜಂದಿರಿಗೆ ಈ ವ್ಯತ್ಯಾಸ ಗೊತ್ತಿತ್ತು. ಅವರು ನೆಲದ ಮೇಲೆ ಕೂತು, ಅರ್ಧ ರಾತ್ರಿಯಲ್ಲಿ, ಎರಡೇ ಎರಡು ಇಂಗ್ಲಿಷ್ ಪದಗಳಲ್ಲಿ ತೀರ್ಪು ಕೊಡುತ್ತಿದ್ದರು: 'ಒನ್ಸ್ ಮೋರ್!' ಆ ಕೂಗಿನ ಹಿಂದೆ ಏನಿತ್ತು, ಅದು ಹೇಗೆ ಬಂತು, ಹೇಗೆ ಹೋಯಿತು, ಹೈದರಾಬಾದಿನಲ್ಲಿರುವ ಕನ್ನಡಿಗರಾದ ನಮಗೆ ಅದರಿಂದ ಏನಾಗಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ನೋಡೋಣ.

ಕೆಲವೇ ವರ್ಷ, ಮೂರು ಊರು

ಮೊದಲು ಸ್ವಲ್ಪ ಇತಿಹಾಸ. ಮರಾಠಿ ಸಂಗೀತ ನಾಟಕದ ಪಿತಾಮಹ ಎನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅವರ 'ಸಂಗೀತ ಶಾಕುಂತಲ' ಪುಣೆಯಲ್ಲಿ ರಂಗಕ್ಕೆ ಬಂದದ್ದು 1880ರಲ್ಲಿ. ಅದಕ್ಕೂ ಮೊದಲೇ ಉತ್ತರ ಕರ್ನಾಟಕದ ಊರೂರಿನಲ್ಲಿ ಮರಾಠಿ ಮಂಡಳಿಗಳು ಬಿಡಾರ ಹೂಡಿ, ಕನ್ನಡದ ಜನ ಮರಾಠಿ ಹಾಡಿಗೆ ತಲೆದೂಗುವ ಪರಿಸ್ಥಿತಿ ಇತ್ತು. ಇದನ್ನು ಸಹಿಸದ ಶಾಲಾ ಮಾಸ್ತರರೊಬ್ಬರು, ಗದುಗಿನ ಶಾಂತಕವಿಗಳು (1856–1920), 1870ರ ದಶಕದಲ್ಲೇ ಕನ್ನಡ ನಾಟಕ ಬರೆದು, ಮಂಡಳಿ ಕಟ್ಟಿ ಆಡಿಸಿದರು. ದಕ್ಷಿಣದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು.

ಇನ್ನು ಮುಂದಿನ ಕೆಲವೇ ವರ್ಷಗಳನ್ನು ಗಮನಿಸಿ. 1884ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು 'ಗುಬ್ಬಿ ಕಂಪನಿ' ಆಗಿ ನಾಡೆಲ್ಲ ಹೆಸರಾಯಿತು. 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ, ತೊಗಲು ಗೊಂಬೆಯಾಟದ ಮನೆತನವೊಂದು ಗೊಂಬೆಗಳನ್ನು ಕೆಳಗಿಟ್ಟು ತಾನೇ ಬಣ್ಣ ಹಚ್ಚಿಕೊಂಡು 'ಕೀಚಕ ವಧೆ' ಆಡಿತು. ವನಾರಸ ಗೋವಿಂದರಾವ್ ಅವರ ಆ ಕುಟುಂಬವೇ ತೆಲುಗು ರಂಗಭೂಮಿಯ ಸುರಭಿ ನಾಟಕ ಸಮಾಜ. 1887ರಲ್ಲಿ ನಮ್ಮ ಬಳ್ಳಾರಿಯಲ್ಲಿ ಧರ್ಮವರಂ ಕೃಷ್ಣಮಾಚಾರ್ಯರ 'ಚಿತ್ರನಳೀಯಮು' ನಾಟಕ ರಂಗವೇರಿತು. ತೆಲುಗರು ಅವರನ್ನು 'ಆಂಧ್ರ ನಾಟಕ ಪಿತಾಮಹ' ಎಂದು ಕರೆಯುತ್ತಾರೆ. ಆ ಪಿತಾಮಹರ ಕರ್ಮಭೂಮಿ ಕನ್ನಡ ಮಾತಾಡುವ ಊರು ಎಂಬುದನ್ನು ನಾವು ಮರೆಯಬಾರದು.

ಅಂದರೆ ಗುಬ್ಬಿ, ಸುರಭಿ, ಬಳ್ಳಾರಿ ಈ ಮೂರೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಹಚ್ಚಿದ ದೀಪಗಳು. ಭಾಷೆ ಬೇರೆಯಾದರೂ ಕಸುಬು ಒಂದೇ. ಪಾರ್ಸಿ ಕಂಪನಿಗಳ ಮಟ್ಟು, ಮರಾಠಿಯ ನಾಟ್ಯಸಂಗೀತ, ಕರ್ನಾಟಕ ಸಂಗೀತದ ರಾಗ, ಎಲ್ಲವೂ ಇವರ ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಬಂದು ಬೆರೆತವು.

ಕೂಗಿದವರು ಏನು ಕೇಳುತ್ತಿದ್ದರು?

ಕಂಪನಿ ನಾಟಕದ ಥಿಯೇಟರೆಂದರೆ ತಗಡಿನ ಇಲ್ಲವೆ ತಡಿಕೆಯ ಗೋಡೆಯ ಒಂದು ದೊಡ್ಡ ಚಪ್ಪರ. ಮುಂದೆ ಕುರ್ಚಿ, ಅದರ ಹಿಂದೆ ಬೆಂಚು, ಉಳಿದದ್ದು ನೆಲ. ಮೈಕು ಇಲ್ಲದ ಕಾಲ. ಕಟ್ಟಕಡೆಯಲ್ಲಿ ಕೂತವನಿಗೂ ಮಾತು ಮುಟ್ಟಬೇಕು. ಆದ್ದರಿಂದಲೇ ನಟರು ಏರುಶ್ರುತಿಯಲ್ಲಿ, ಕಪ್ಪು ನಾಲ್ಕು, ಕಪ್ಪು ಐದರವರೆಗೂ ಹೋಗಿ ಹಾಡುತ್ತಿದ್ದರು. ಇಂದು ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಆ ದನಿಗಳನ್ನು ಕೇಳಿದರೆ 'ಇದೇನು ಕಿರುಚಾಟ' ಎನಿಸಬಹುದು. ಅದು ಕಿರುಚಾಟವಲ್ಲ, ದೂರದವನ ಮೇಲಿನ ಗೌರವ. ನಾಲ್ಕಾಣೆ ಕೊಟ್ಟವನಿಗೂ ಹಾಡು ಪೂರ್ತಿ ತಲುಪಬೇಕೆಂಬ ಲೆಕ್ಕ.

ಒನ್ಸ್ ಮೋರ್ ಬರುತ್ತಿದ್ದುದು ಬಹುಮಟ್ಟಿಗೆ ಆ ನೆಲದಿಂದಲೇ. ಕೂಗಿದವರಲ್ಲಿ ಅನೇಕರಿಗೆ ಅಕ್ಷರ ಬರುತ್ತಿರಲಿಲ್ಲ, ರಾಗದ ಹೆಸರೂ ತಿಳಿದಿರಲಿಲ್ಲ. ಆದರೆ ಅದೇ ನಾಟಕವನ್ನು ಅವರು ನಾಲ್ಕು ಕ್ಯಾಂಪಿನಲ್ಲಿ ನೋಡಿರುತ್ತಿದ್ದರು. ಹಾಡು ಯಾವ ಸಂದರ್ಭದಲ್ಲಿ ಬರುತ್ತದೆ, ಹೋದ ವರ್ಷ ಅದನ್ನು ಯಾರು ಹೇಗೆ ಹಾಡಿದ್ದರು, ಈ ಸಲ ಯಾವ ಮಾತಿನ ಮೇಲೆ ನಿಂತರು ಎಂಬುದೆಲ್ಲ ಬಾಯಿಪಾಠ. ನಾಟಕದ ಹಾಡಿನ ಪುಸ್ತಕಗಳು ಬಾಗಿಲಲ್ಲೇ ಮಾರಾಟವಾಗುತ್ತಿದ್ದವು. ಮೆಚ್ಚಿದ ನಟನಿಗೆ ಊರ ಸಾಹುಕಾರ ಪರದೆ ಎಳೆಸಿ ಬೆಳ್ಳಿಯ ಮೆಡಲು ತೊಡಿಸುವುದೂ ಇತ್ತು. ಆದರೆ ಸಾಹುಕಾರನ ಮೆಡಲಿಗಿಂತ ನೆಲದವನ ಕೂಗಿಗೆ ನಟರು ಹೆಚ್ಚು ಹೆದರುತ್ತಿದ್ದರು, ಹೆಚ್ಚು ಹಂಬಲಿಸುತ್ತಿದ್ದರು.

ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಎಂಥವರು? ಮೈಸೂರು ಕಡೆ ಎ. ವಿ. ವರದಾಚಾರ್ಯರು (1869–1926) ಹಾಡಿಗೂ ಅಭಿನಯಕ್ಕೂ ಹೆಸರಾದವರು. ಧಾರವಾಡದ ಕಡೆ, ಮುಂದೆ ಹಿಂದುಸ್ತಾನಿ ಗಾಯನದ ಶಿಖರವೆನಿಸಿದ ಮಲ್ಲಿಕಾರ್ಜುನ ಮನ್ಸೂರರು (1910–1992) ಮೊದಲು ಬಣ್ಣ ಹಚ್ಚಿದ್ದು ನಾಟಕ ಕಂಪನಿಯ ಬಾಲನಟನಾಗಿ. ಆದರೆ ನೆಲದವರು ಬರೀ ಸಂಗೀತಗಾರರನ್ನೇ ಮೆಚ್ಚುತ್ತಿದ್ದರು ಎಂದುಕೊಳ್ಳಬೇಡಿ. 'ಸದಾರಮೆ'ಯಲ್ಲಿ ಕಳ್ಳನ ಪಾರ್ಟು ಮಾಡುತ್ತಿದ್ದ ಗುಬ್ಬಿ ವೀರಣ್ಣನವರು ಗೆದ್ದದ್ದು ಆಲಾಪನೆಯ ಬಲದಿಂದಲ್ಲ. ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ತಿಳಿಯದಂತೆ ಜಾರುವ ಜಾಣ್ಮೆ ಅವರದು. ಅದಕ್ಕೂ ಒನ್ಸ್ ಮೋರ್ ಬೀಳುತ್ತಿತ್ತು. ಅಂದರೆ ಆ ಕೂಗು ಕಂಠಕ್ಕಷ್ಟೇ ಮೀಸಲಾಗಿರಲಿಲ್ಲ.

ತೀರ್ಪಿನ ಮೇಲೊಂದು ತಕರಾರು

ಎಲ್ಲವೂ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ಒನ್ಸ್ ಮೋರ್ ಅತಿಯಾದಾಗ ನಾಟಕ ಸಾಯುತ್ತಿತ್ತು. ಯುದ್ಧದಲ್ಲಿ ಬಿದ್ದ ವೀರ ಮತ್ತೆ ಎದ್ದು ಹಾಡಿ ಮತ್ತೆ ಬಿದ್ದನಂತೆ ಎಂಬ ತಮಾಷೆಯ ಕತೆಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ. ಈ ರೋಗಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ಬಳ್ಳಾರಿ ರಾಘವ (1880–1946). ತಾಡಿಪತ್ರಿಯಲ್ಲಿ ಹುಟ್ಟಿದ, ಬಳ್ಳಾರಿಯಲ್ಲಿ ವಕೀಲಿ ಮಾಡಿದ, ಧರ್ಮವರಂ ಕೃಷ್ಣಮಾಚಾರ್ಯರ ಸೋದರಳಿಯ. ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲದರಲ್ಲೂ ನಟಿಸಿದವರು. ಪದ್ಯವನ್ನು ರಾಗವಾಗಿ ಎಳೆಯುವುದಕ್ಕಿಂತ ಮಾತಿನ ಭಾವಕ್ಕೆ ಬೆಲೆ ಕೊಟ್ಟವರು. ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಪಟ್ಟು ಹಿಡಿದವರು. ಬೆಂಗಳೂರಿನಲ್ಲಿ ಟಿ. ಪಿ. ಕೈಲಾಸಂ ಅವರು ಮನೆಯೊಳಗಿನ ಮಾತನ್ನೇ ನಾಟಕ ಮಾಡಿ ತೋರಿಸಿದ ಮೇಲಂತೂ ಓದಿದವರ ರಂಗಭೂಮಿಯಿಂದ ಹಾಡು ಬಹಳಷ್ಟು ಹೊರಗೇ ಉಳಿಯಿತು.

ಇವರ ತಕರಾರು ನ್ಯಾಯವಾದದ್ದೇ. ಆದರೆ ಅದರ ಒಂದು ಫಲ ಇವರಾರೂ ಎಣಿಸದ್ದು. ಓದಿದವರು ಹಾಡಿಲ್ಲದ ನಾಟಕಕ್ಕೆ ಹೋದರು, ಉಳಿದವರು ಹಾಡಿರುವ ನಾಟಕಕ್ಕೆ ಹೋದರು. ಒಂದೇ ಚಪ್ಪರದ ಕೆಳಗಿದ್ದ ಕುರ್ಚಿ, ಬೆಂಚು, ನೆಲ ಬೇರೆಬೇರೆಯಾದವು. ಅಷ್ಟರಲ್ಲಿ 1934ರಲ್ಲಿ 'ಸತಿ ಸುಲೋಚನ' ಬಂತು, ಕನ್ನಡದ ಮೊದಲ ಟಾಕಿ. ಅದರ ನಾಯಕ ಸುಬ್ಬಯ್ಯ ನಾಯ್ಡು, ಸಂಗೀತ ಆರ್. ನಾಗೇಂದ್ರರಾಯರದು, ಇಬ್ಬರೂ ಕಂಪನಿಯಿಂದಲೇ ಹೋದವರು. ಅದೇ ವರ್ಷ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿಸಿದರು. ಸಿನಿಮಾಕ್ಕೆ ಸರಿಸಾಟಿಯಾಗಿ ನಿಲ್ಲುವ ಆ ಹುಮ್ಮಸ್ಸನ್ನು ಮೆಚ್ಚಲೇಬೇಕು. ಆದರೆ ಟಾಕಿಯಲ್ಲಿ ಒನ್ಸ್ ಮೋರ್ ಕೂಗಿದರೆ ಪರದೆಯ ಮೇಲಿನವನಿಗೆ ಕೇಳಿಸುವುದಿಲ್ಲವಲ್ಲ!

ನಮ್ಮ ರೇಡಿಯೋ ಮಾಡಿದ್ದು

ರೇಡಿಯೋದಲ್ಲಿ ಕೂತು ಬರೆಯುವವಳು ರೇಡಿಯೋದ ಪಾತ್ರವನ್ನು ಮುಚ್ಚಿಡಬಾರದು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂಗೆ ನಿಷೇಧ ಬಿತ್ತು. ಅದು ಪರದೇಶಿ ವಾದ್ಯ, ಅದರ ಸ್ವರಗಳು ಬಿಗಿದಿಟ್ಟಂಥವು, ಗಮಕ ಮೀಂಡುಗಳು ಅದರಲ್ಲಿ ಬಾರವು ಎಂಬುದು ಕಾರಣ. ರವೀಂದ್ರನಾಥ ಠಾಕೂರರಂಥವರೂ ಈ ವಾದ್ಯದ ವಿರುದ್ಧ ಇದ್ದರು. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತೊಂದು ವರ್ಷ!

ಶಾಸ್ತ್ರೀಯ ಗಾಯಕರು ಸಾರಂಗಿ, ಪಿಟೀಲು ಹಿಡಿದು ದಾರಿ ಕಂಡುಕೊಂಡರು. ಕಂಪನಿ ನಾಟಕದ ಹಾಡಿಗೆ ಆ ದಾರಿ ಇರಲಿಲ್ಲ. ಅಲ್ಲಿ ಕಾಲು ಹಾರ್ಮೋನಿಯಂ ಬರೀ ಪಕ್ಕವಾದ್ಯವಲ್ಲ. ರಂಗದ ಪಕ್ಕದಲ್ಲಿ ಕೂತ ಹಾರ್ಮೋನಿಯಂ ಮಾಸ್ತರರೇ ನಾಟಕದ ಸೂತ್ರಧಾರ. ನಟ ಮಾತಿನ ಕೊನೆಗೆ ಬರುವಾಗಲೇ ಶ್ರುತಿ ಕೊಟ್ಟು ಎತ್ತಿಕೊಳ್ಳುವವರು ಅವರು, ಮರೆತ ಹುಡುಗನಿಗೆ ಮೊದಲ ಸ್ವರ ತೋರಿಸುವವರು ಅವರು, ಒನ್ಸ್ ಮೋರ್ ಬಂದರೆ ಕೊಡಬೇಕೋ ಬೇಡವೋ ಎಂದು ಕಣ್ಣಲ್ಲೇ ಹೇಳುವವರೂ ಅವರೇ. ದೇಶವೆಲ್ಲ ರೇಡಿಯೋ ಕೇಳಲು ಕಲಿತ ಮೂರು ದಶಕಗಳಲ್ಲಿ ಈ ಪೆಟ್ಟಿಗೆಯ ದನಿ ಆ ರೇಡಿಯೋದಲ್ಲಿ ಇರಲಿಲ್ಲ. ಆ ಹೊತ್ತಿಗೆ ಗ್ರಾಮಫೋನ್ ತಟ್ಟೆ ಮೂರು ಮೂರೂವರೆ ನಿಮಿಷದ ಹಾಡನ್ನು ನಾಟಕದಿಂದ ಕತ್ತರಿಸಿ ಮನೆಗೆ ತಂದಿತ್ತು. ಹಾಡು ಉಳಿಯಿತು, ಸಂದರ್ಭ ಹೋಯಿತು. ಇಂದಿನ ರಂಗಗೀತೆಗಳ ಸಂಜೆ ಆ ತಟ್ಟೆಯ ಮೊಮ್ಮಗ ಎನ್ನಬಹುದು.

ಹೈದರಾಬಾದಿನ ಕನ್ನಡಿಗನ ಪಾಲು

ಈಗ ನಮ್ಮ ಊರಿಗೆ ಬರೋಣ. ನಿಜಾಮರ ಕಾಲದಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಹೈದರಾಬಾದೇ. ಕೋರ್ಟು, ಕಾಲೇಜು, ನೌಕರಿ, ವ್ಯಾಪಾರ ಎಲ್ಲಕ್ಕೂ ಆ ಭಾಗದ ಜನ ಇಲ್ಲಿಗೇ ಬರುತ್ತಿದ್ದರು. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಈ ನಗರ ಆಂಧ್ರಪ್ರದೇಶದ ರಾಜಧಾನಿಯಾಯಿತು, 2014ರಲ್ಲಿ ತೆಲಂಗಾಣ ಬಂತು. ಇಲ್ಲಿ ಮನೆ ಮಾಡಿದ್ದ ಕನ್ನಡಿಗರು ಇಲ್ಲೇ ಉಳಿದರು, ಅವರ ಹಿಂದಿದ್ದ ಸೀಮೆ ಮಾತ್ರ ಗಡಿಯಾಚೆ ಹೋಯಿತು. ಕಂಪನಿ ನಾಟಕ ನೋಡಲು ರಾಯಚೂರಿಗೋ ಗುಲ್ಬರ್ಗದ ಜಾತ್ರೆಗೋ ಹೋಗಿಬರುತ್ತಿದ್ದ ಹಿರಿಯರ ಮಕ್ಕಳಿಗೆ ಆ ಹಾಡು ಸಿಕ್ಕಿದ್ದು ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಕಡೆಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ. ಅಂದರೆ ನಮಗೆ ಮೊದಲಿನಿಂದಲೂ ದೊರೆತದ್ದು ಬಿಡಿ ಹಾಡು. ಇಡೀ ನಾಟಕ ಹೊತ್ತು ತರುವುದು ಕಷ್ಟ, ಖರ್ಚು. ಹಾರ್ಮೋನಿಯಂ ಹೊತ್ತು ತರುವುದು ಸುಲಭ.

ಹಾಗೆಂದು ನಮ್ಮ ಅದೃಷ್ಟವನ್ನು ಹಳಿಯಬೇಕಿಲ್ಲ. ಹಾಡು ನಾಟಕದೊಳಗೆ ಇರುವಾಗ ಹೇಗಿರುತ್ತದೆಂದು ನೋಡಬೇಕಾದರೆ ಹೈದರಾಬಾದಿನಂಥ ಊರು ಇನ್ನೊಂದಿಲ್ಲ. ಸುರಭಿಯ ಕುಟುಂಬಗಳು ಈ ನಗರದ ಶೇರಿಲಿಂಗಂಪಲ್ಲಿಯಲ್ಲಿ ನೆಲೆಯೂರಿದವು. ಪಬ್ಲಿಕ್ ಗಾರ್ಡನ್ಸ್‌ನ ಲಲಿತ ಕಲಾ ತೋರಣದಲ್ಲಿ ಅವರು ಆಡಿದ 'ಮಾಯಾಬಜಾರ್' ನೋಡಿದವರಿಗೆ ಘಟೋತ್ಕಚನ ಬಾಯಿಗೆ ಹಾರಿ ಬರುವ ಲಡ್ಡುಗಳು ನೆನಪಿರುತ್ತವೆ. ಆದರೆ ಅಲ್ಲಿ ಗಮನಿಸಬೇಕಾದದ್ದು ಲಡ್ಡು ಮಾತ್ರವಲ್ಲ. ಪದ್ಯ ಹೇಳುವಾತ ಎದುರಿನ ಪಾತ್ರದ ಕಣ್ಣು ಬಿಡದೆ ಹೇಳುತ್ತಾನೆ. ಪದ್ಯದ ಕೊನೆಯ ಸಾಲು ಮುಗಿದ ಕ್ಷಣ ಇನ್ನೊಬ್ಬರ ಮಾತು ಬಂದು ಕೂಡುತ್ತದೆ. ಮೊದಲಿನಿಂದಲೂ ಅಲ್ಲಿ ಹೆಣ್ಣು ಪಾತ್ರ ಹೆಣ್ಣುಮಕ್ಕಳದೇ. ಹಸುಗೂಸಿನಿಂದ ಹಿಡಿದು ಅಜ್ಜನವರೆಗೆ ಮನೆಮಂದಿಯೆಲ್ಲ ರಂಗದ ಮೇಲೆ.

ಇದಕ್ಕೂ ಕನ್ನಡಕ್ಕೂ ಒಂದು ಗಟ್ಟಿ ನಂಟಿದೆ. ಬಂಟ್ವಾಳದ ಮಂಚಿಯ ಹುಡುಗ ಬಿ. ವಿ. ಕಾರಂತ (1929–2002) ಮನೆಬಿಟ್ಟು ಓಡಿ ಸೇರಿದ್ದು ಗುಬ್ಬಿ ಕಂಪನಿಗೆ. ವೀರಣ್ಣನವರೇ ಆತನನ್ನು ಓದಲು ಬನಾರಸಿಗೆ ಕಳಿಸಿದರು. ಮುಂದೆ ಆತ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ, ಮೈಸೂರಿನ ರಂಗಾಯಣದ ಸ್ಥಾಪಕ. ಇದೇ ಕಾರಂತರು 1990ರ ದಶಕದಲ್ಲಿ ಸುರಭಿಯ ಕಲಾವಿದರ ಜೊತೆ ಕೂತು 'ಭೀಷ್ಮ', 'ಚಂಡಿಪ್ರಿಯ' ಮಾಡಿಸಿದರು. ಜರ್ಮನಿಯ ಬ್ರೆಕ್ಟ್ ಬರೆದ ನಾಟಕವೊಂದನ್ನು ಹೈದರಾಬಾದಿನ ಬಸ್ತಿಗೆ ತಂದು 'ಬಸ್ತೀ ದೇವತ ಯಾದಮ್ಮ' ಮಾಡಿಸಿದರು. ಗುಬ್ಬಿಯ 1884 ಮತ್ತು ಸುರಭಿಯ 1885 ನೂರು ವರ್ಷದ ಮೇಲೆ ಒಬ್ಬ ಕನ್ನಡಿಗನ ಮೂಲಕ ಕೈಕುಲುಕಿದ್ದು ಹೀಗೆ. ಸುರಭಿಯ ಮುಖ್ಯಸ್ಥರಲ್ಲೊಬ್ಬರಾಗಿದ್ದ ನಾಗೇಶ್ವರರಾವ್ ಅವರಿಗೆ, ಎಲ್ಲರ ಬಾಯಲ್ಲಿ ಬಾಬ್ಜಿ ಅವರಿಗೆ, 2013ರಲ್ಲಿ ಪದ್ಮಶ್ರೀ ಬಂತು. 2022ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ತೀರ್ಪು ಹೇಗೆ ಕೊಡಬೇಕು?

ಬಿಡಿ ಹಾಡುಗಳ ಸಂಜೆಯೇ ತಪ್ಪು ಎಂದು ನನ್ನ ವಾದವಲ್ಲ. ಜಗತ್ತಿನಲ್ಲೆಲ್ಲ ಇದು ಇದೆ. 1976ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಸ್ಟೀಫನ್ ಸಾಂಡ್‌ಹೈಮ್ ಅವರ ನಾಟಕದ ಹಾಡುಗಳನ್ನಷ್ಟೇ ಹೆಕ್ಕಿ 'ಸೈಡ್ ಬೈ ಸೈಡ್ ಬೈ ಸಾಂಡ್‌ಹೈಮ್' ಎಂಬ ಕಾರ್ಯಕ್ರಮ ಮಾಡಿದರು. ಅಲ್ಲಿ ಹಾಡುವವರ ಜೊತೆ ಒಬ್ಬ ನಿರೂಪಕನೂ ಕೂತಿರುತ್ತಿದ್ದ. ಈ ಹಾಡು ಯಾವ ನಾಟಕದ್ದು, ಯಾರು ಯಾರಿಗೆ ಹೇಳುತ್ತಾರೆ ಎಂದು ಅವನು ತಿಳಿಸಿದ ಮೇಲೆ ಹಾಡು. ನಮ್ಮಲ್ಲಿ ನಿರೂಪಣೆಗೆ ಇರುವ ಗತಿ ನಿಮಗೆ ಗೊತ್ತು. 'ಈಗ ಮುಂದಿನ ಹಾಡು, ಶ್ರೀಮತಿ ಇಂಥವರಿಂದ' ಎಂದರೆ ಮುಗಿಯಿತು. ಮೈಕಿನ ಮುಂದೆ ಕೂರುವ ನಮ್ಮ ಕಸುಬಿನವರೂ ಇದರಲ್ಲಿ ಪಾಲುದಾರರೇ.

ಹರಿಶ್ಚಂದ್ರ ನಾಟಕದ ಸ್ಮಶಾನದ ದೃಶ್ಯವನ್ನೇ ತೆಗೆದುಕೊಳ್ಳಿ. ಮಗನ ಹೆಣದ ಮುಂದೆ ಕೂತ ಚಂದ್ರಮತಿಯ ಹಾಡು. ರೇಷ್ಮೆ ಸೀರೆಯುಟ್ಟು, ಸಭಿಕರ ಕಡೆ ಮುಗುಳ್ನಗುತ್ತ, ನಾಲ್ಕು ಸಂಗತಿ ಹೆಚ್ಚಿಗೆ ಹಾಕಿ ಹಾಡಿದರೆ ನಾವು ಚಪ್ಪಾಳೆ ಹೊಡೆಯುತ್ತೇವೆ. ನೆಲದ ಮೇಲೆ ಕೂತವನು ಹೊಡೆಯುತ್ತಿರಲಿಲ್ಲ. ಅವನು ಕೇಳುತ್ತಿದ್ದದ್ದು ಬೇರೆ. ಅವನ ಅಳತೆಗೋಲನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಒಂದು, ಮಾತು ತಿಳಿಯಿತೇ? ರಾಗದಲ್ಲಿ ಅಕ್ಷರ ಮುಳುಗಿದರೆ ಅದು ಕಚೇರಿಯಲ್ಲಿ ನಡೆದೀತು, ನಾಟಕದಲ್ಲಿ ನಡೆಯದು. ಎರಡು, ಯಾರು ಯಾರಿಗೆ ಹಾಡುತ್ತಿದ್ದಾರೆ ಎಂಬುದು ದನಿಯಲ್ಲೇ ಗೊತ್ತಾಯಿತೇ? ಮಗನಿಗೆ ಹೇಳುವ ಹಾಡೂ ವೈರಿಗೆ ಹೇಳುವ ಹಾಡೂ ಒಂದೇ ಥರ ಬಂದರೆ ಅದಕ್ಕೆ ಅರ್ಧ ಅಂಕ. ಮೂರು, ಹಾಡಿನಿಂದ ಮಾತಿಗೆ ಇಳಿಯುವ, ಮಾತಿನಿಂದ ಹಾಡಿಗೆ ಏರುವ ಮೆಟ್ಟಿಲು ಎಷ್ಟು ನಯವಾಗಿತ್ತು? ಬಿಡಿ ಹಾಡಿನಲ್ಲೂ ಹಿಂದಿನ ಎರಡು ಮಾತು ಹೇಳಿ ಎತ್ತಿಕೊಳ್ಳುವ ಕಲಾವಿದರಿದ್ದಾರೆ. ಅಂಥವರನ್ನು ಗುರುತಿಟ್ಟುಕೊಳ್ಳಿ. ನಾಲ್ಕು, ಹಾರ್ಮೋನಿಯಂ ಮಾಸ್ತರರು ಹಾಡುವವರ ಬೆನ್ನು ಹಿಡಿದರೋ, ಅಥವಾ ಮುಂದೆ ಓಡಿದರೋ? ಕಾರಂತರ ಹಾಡುಗಳಿಗೆ ಇನ್ನೂ ಒಂದು ಸೇರಿಸಿ. ಅವು ಬಹುಪಾಲು ಮೇಳದ ಹಾಡುಗಳು; ತಾಳ, ಉಸಿರು, ಕೂಗು, ಮೌನ ಎಲ್ಲವೂ ಅಲ್ಲಿ ಸಂಗೀತವೇ. ಅವನ್ನು ಒಬ್ಬರೇ ನಿಂತು ಭಾವಗೀತೆಯಂತೆ ಇಂಪಾಗಿ ಹಾಡಿದರೆ, ಎಷ್ಟೇ ಇಂಪಾಗಿದ್ದರೂ, ಹಾಡು ಅರ್ಧ ಮನೆಯಲ್ಲೇ ಉಳಿದಂತೆ.

ಇದೇನು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ದೊಡ್ಡದೇ. ನಾವು ಕಂಠಕ್ಕೆ ಮಾತ್ರ ಚಪ್ಪಾಳೆ ಕೊಟ್ಟರೆ ಹಾಡುವವರು ಕಂಠವನ್ನೇ ಸಾಧಿಸುತ್ತಾರೆ. ಟಿವಿ ಸ್ಪರ್ಧೆಯ ಹಾಡೂ ರಂಗದ ಹಾಡೂ ಒಂದೇ ಆಗುತ್ತದೆ. ಆ ಹಾಡಿನ ಹಿಂದೆ ಒಂದು ಪಾತ್ರವಿತ್ತು, ಪಾತ್ರದ ಹಿಂದೆ ಊರೂರು ಅಲೆದು, ಮಳೆ ಬಂದರೆ ಕಲೆಕ್ಷನ್ ಇಲ್ಲದೆ ಅರೆಹೊಟ್ಟೆ ಮಲಗಿ, ಮಾರನೆಯ ರಾತ್ರಿ ಮತ್ತೆ ರಾಜನಾಗಿ ನಿಂತ ಒಬ್ಬ ಮನುಷ್ಯನಿದ್ದ ಎಂಬುದು ಮೊಮ್ಮಕ್ಕಳಿಗೆ ತಿಳಿಯುವುದೇ ಇಲ್ಲ. ಯಾವ ಹಾಡು ಯಾವ ಸಂದರ್ಭದ್ದು ಎಂದು ಹೇಳಬಲ್ಲವರು ನಮ್ಮ ನಡುವೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಕೊನೆಯಲ್ಲಿ ಒಂದು ಕೋರಿಕೆ. ನಮ್ಮ ಕನ್ನಡ ವೇಳೆಗೆ ರಂಗಗೀತೆ ಬೇಕೆಂದು ಬರೆಯುವಾಗ ಹಾಡಿನ ಮೊದಲ ಸಾಲಿನ ಜೊತೆಗೆ ಇನ್ನೆರಡು ಸಾಲು ಸೇರಿಸಿ. ಅದು ಯಾವ ನಾಟಕದ್ದು, ಯಾರು ಯಾರಿಗೆ ಹೇಳುವುದು, ನೀವೋ ನಿಮ್ಮ ಮನೆಯ ಹಿರಿಯರೋ ಅದನ್ನು ಯಾವ ಊರಿನಲ್ಲಿ ನೋಡಿದ್ದು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ. ನೀವು ಬರೆದದ್ದನ್ನು ಹಾಡಿಗೆ ಮೊದಲು ಓದುವ ಕೆಲಸ ನಮ್ಮದು.

ಆಮೇಲೆ ಹಾಡು ನಿಜಕ್ಕೂ ನಾಟಕದ ಹಾಡಾಗಿ ಬಂದರೆ, ನಿಮ್ಮ ಮನೆಯಲ್ಲಿ ಕೂತೇ ಒನ್ಸ್ ಮೋರ್ ಎನ್ನಿ. ನಮಗೆ ಕೇಳಿಸದಿದ್ದರೂ ಚಿಂತೆಯಿಲ್ಲ, ಒಂದು ಕಾಗದ ಹಾಕಿ. ಇನ್ನೊಮ್ಮೆ ಹಾಕುತ್ತೇವೆ.